ಮರಳಿಗೆ ಬಿದ್ದ ಚೆಂಡು: ಕಂಪ್ಯೂಟರ್ ಗಾಲ್ಫ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯ ಕುರಿತಾಗಿವೆ: ಕಂಪ್ಯೂಟರ್ ಗಾಲ್ಫ್‌ನಲ್ಲಿ ಚೆಂಡು ಬಂಕರ್‌ಗೆ, ಅಂದರೆ ಮರಳು ಗುಂಡಿಗೆ, ಬಿದ್ದರೆ ಆಚೆ ತೆಗೆಯುವುದು ಹೇಗೆ? ಆಡುವ ಗೇಮ್ ಒಬ್ಬೊಬ್ಬರದು ಒಂದೊಂದು. ಕೆಲವರದು ಮೂರು ಕ್ಲಿಕ್ಕಿನ ಬಗೆ. ಮೊದಲ ಕ್ಲಿಕ್‌ಗೆ ಪವರ್ ಬಾರ್ ಓಡತೊಡಗುತ್ತದೆ, ಎರಡನೆಯದಕ್ಕೆ ಬಲ ನಿಗದಿಯಾಗುತ್ತದೆ, ಮೂರನೆಯದಕ್ಕೆ ದಿಕ್ಕು. 1984ರಲ್ಲಿ ಬಂದ ನಿಂಟೆಂಡೊ ಕಂಪನಿಯ ಗಾಲ್ಫ್ ಗೇಮ್‌ನ ಪವರ್ ಬಾರ್ ಮುಂದಿನ ಎಷ್ಟೋ ಗೇಮ್‌ಗಳಿಗೆ ಮಾದರಿಯಾಯಿತು. ಇನ್ನು ಕೆಲವರದು ಮೌಸ್ ಅಥವಾ ಕಂಟ್ರೋಲರ್‌ನ ಸ್ಟಿಕ್ಕನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳುವ ಬಗೆ, ಪಿಜಿಎ ಟೂರ್ 2ಕೆ ಸರಣಿಯಲ್ಲಿ ಇರುವಂತೆ. ಹೊಡೆಯುವ ಕ್ರಮ ಬೇರೆಯಾದರೂ ಮರಳಿನ ಲೆಕ್ಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹೊಸಬರಿಗೆ ಎರಡು ಮಾತು: ಹೋಲ್ ಎಂದರೆ ಚೆಂಡು ಬೀಳಬೇಕಾದ ಕುಳಿ, ಗ್ರೀನ್ ಅದರ ಸುತ್ತಲಿನ ನುಣುಪಾದ ಹುಲ್ಲು, ಪಿನ್ ಆ ಕುಳಿಯಲ್ಲಿ ನೆಟ್ಟ ಬಾವುಟದ ಕೋಲು, ಫೇರ್‌ವೇ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿ. ಐರನ್, ವೆಡ್ಜ್ ಬೇರೆ ಬೇರೆ ಓರೆಯ ಕ್ಲಬ್‌ಗಳು (ಹೊಡೆಯುವ ಕೋಲುಗಳು), ಪಟರ್ ಚೆಂಡನ್ನು ನೆಲದ ಮೇಲೆ ಉರುಳಿಸುವ, ಅಂದರೆ ಪಟ್ ಮಾಡುವ ಕ್ಲಬ್. ಉದಾಹರಣೆಗೆ ಕೊಟ್ಟಿರುವ ದೂರಗಳನ್ನು ನಿಮ್ಮ ಗೇಮ್‌ನ ಅಂಕಿಗಳಿಗೆ ಹೊಂದಿಸಿಕೊಳ್ಳಿ.

ಪ್ರಶ್ನೆ: ಸರ್, ಗ್ರೀನ್ ಪಕ್ಕದ ಬಂಕರ್‌ನಿಂದ ಪಿನ್‌ಗೆ 18 ಗಜ ಅಂತ ಸ್ಕ್ರೀನ್ ತೋರಿಸುತ್ತೆ. ಸ್ಯಾಂಡ್ ವೆಡ್ಜ್ ತಗೊಂಡು ಪವರ್ ಬಾರನ್ನು ಸರಿಯಾಗಿ 18ಕ್ಕೇ ನಿಲ್ಲಿಸ್ತೀನಿ. ಚೆಂಡು ಗುಂಡಿಯ ಅಂಚಿಗೆ ಬಡಿದು ವಾಪಸ್ ಮರಳಿಗೇ ಉರುಳುತ್ತೆ. ಸಿಟ್ಟಲ್ಲಿ ಜೋರಾಗಿ ಹೊಡೆದರೆ ಗ್ರೀನ್ ದಾಟಿ ಆ ಕಡೆ ಬಂಕರ್‌ಗೆ ಹೋಗುತ್ತೆ. ತಪ್ಪು ಎಲ್ಲಿ ಆಗ್ತಿದೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಶಿರಾ ಗೇಟ್, ತುಮಕೂರು

ಉತ್ತರ: ಪವರ್ ಬಾರ್ ಮೇಲಿನ ದೂರವನ್ನು ನೀವು ಮರಳಿನ ದೂರ ಅಂದುಕೊಂಡಿದ್ದೀರಿ. ಬಹುತೇಕ ಗೇಮ್‌ಗಳಲ್ಲಿ ಅದು ಹುಲ್ಲಿನ ಮೇಲೆ ಚೊಕ್ಕವಾಗಿ ಕೂತ ಚೆಂಡಿನ ದೂರ. ಮರಳು ಅದರಲ್ಲಿ ಎಷ್ಟು ಪಾಲನ್ನು ನುಂಗುತ್ತದೆ ಎಂಬುದನ್ನು ಗೇಮ್ ಬೇರೆ ಕಡೆ, ‘ಲೈ’ (ಚೆಂಡು ಕೂತಿರುವ ಸ್ಥಿತಿ) ಎಂಬ ಚಿಕ್ಕ ಚೌಕದಲ್ಲಿ, ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ಬಂಕರ್‌ಗೆ ಹೋದೊಡನೆ ಕಣ್ಣು ಪಿನ್ ಕಡೆಗಲ್ಲ, ಮೊದಲು ಆ ಚೌಕದ ಕಡೆ ಹೋಗಬೇಕು.

ಮರಳು ಯಾಕೆ ನುಂಗುತ್ತದೆ ಎಂದು ಗೊತ್ತಿದ್ದರೆ ಅಂಕಿಗಳು ಮನಸ್ಸಿಗೆ ಹತ್ತುತ್ತವೆ. ನಿಜವಾದ ಆಟದಲ್ಲಿ ಗ್ರೀನ್ ಪಕ್ಕದ ಬಂಕರ್‌ನಿಂದ ಹೊಡೆಯುವವರು ಚೆಂಡಿಗೆ ಹೊಡೆಯುವುದೇ ಇಲ್ಲ. ಕ್ಲಬ್ಬಿನ ತಲೆ ಚೆಂಡಿಗಿಂತ ಸುಮಾರು 2 ಇಂಚು ಹಿಂದೆ ಮರಳಿಗೆ ಇಳಿದು, ಚೆಂಡಿನ ಅಡಿಯಲ್ಲಿ ಸಾಗಿ, ಮುಂದೆ ಮೇಲೇಳುತ್ತದೆ. ಚಿಮ್ಮುವ ಮರಳೇ ಚೆಂಡನ್ನು ಹೊತ್ತು ಹೊರಗೆ ಹಾಕುತ್ತದೆ. ಬೀಸಿನ ಬಹುಪಾಲು ಬಲ ಮರಳನ್ನು ಸರಿಸಲಿಕ್ಕೇ ಖರ್ಚಾಗುವುದರಿಂದ ದೊಡ್ಡದಾಗಿ ಬೀಸಿದರೂ ಚೆಂಡು ಸ್ವಲ್ಪವೇ ದೂರ ಹೋಗುತ್ತದೆ. ಸ್ಯಾಂಡ್ ವೆಡ್ಜ್‌ನ ತಳ ಹಿಂಬದಿಯಲ್ಲಿ ಉಬ್ಬಿಕೊಂಡಿರುತ್ತದೆ, ಅದಕ್ಕೆ ಬೌನ್ಸ್ ಎನ್ನುತ್ತಾರೆ. ಹಾಲಿನ ಕೆನೆ ತೆಗೆಯುವಾಗ ಓರೆಯಾಗಿ ಹಿಡಿದ ಸೌಟು ಮುಳುಗದೆ ಮೇಲ್ಮೇಲೆ ಜಾರುತ್ತದಲ್ಲ, ಬೌನ್ಸ್ ಮಾಡುವ ಕೆಲಸ ಅದೇ. ಅಮೆರಿಕದ ಜೀನ್ ಸರಾಜೆನ್ ತಳ ಉಬ್ಬಿಸಿದ ಇಂಥ ಕ್ಲಬ್ಬನ್ನು ರೂಪಿಸಿಕೊಂಡು 1932ರ ಬ್ರಿಟಿಷ್ ಓಪನ್ ಗೆದ್ದ ಮೇಲೆ ಅದು ಎಲ್ಲರ ಚೀಲ ಸೇರಿತು. ಈಗಿನ ಸ್ಯಾಂಡ್ ವೆಡ್ಜ್ ಸಾಮಾನ್ಯವಾಗಿ 54ರಿಂದ 58 ಡಿಗ್ರಿ, ಹೆಚ್ಚಾಗಿ 56 ಡಿಗ್ರಿ ಓರೆ (ಲಾಫ್ಟ್) ಇರುತ್ತದೆ.

ಈಗ ನಿಮ್ಮ 18 ಗಜಕ್ಕೆ ಬರೋಣ. ಲೈ ಚೌಕದಲ್ಲಿ 70–80 ಎಂದಿದೆ ಎಂದಿಟ್ಟುಕೊಳ್ಳಿ. ಇದಕ್ಕೆ ಎರಡು ಅರ್ಥ ಇರಬಹುದು. ಕೆಲವು ಗೇಮ್‌ಗಳು ಉಳಿಯುವ ಬಲವನ್ನು ಬರೆಯುತ್ತವೆ, ಕೆಲವು ಕಳೆದುಹೋಗುವ ಬಲವನ್ನು. ಪತ್ತೆ ಮಾಡುವುದು ಸುಲಭ: ಚೆಂಡು ಫೇರ್‌ವೇ ಹುಲ್ಲಿನ ಮೇಲಿರುವಾಗ ಅದೇ ಚೌಕ ನೋಡಿ. 100 ಎಂದಿದ್ದರೆ ಉಳಿಯುವ ಲೆಕ್ಕ, 0 ಎಂದಿದ್ದರೆ ಕಳೆಯುವ ಲೆಕ್ಕ. ಇಲ್ಲಿ ಉಳಿಯುವ ಲೆಕ್ಕ ಅಂತಲೇ ಹಿಡಿಯೋಣ.

ಮುಂದಿನ ಹೆಜ್ಜೆ, 18 ಗಜವನ್ನು ಎರಡು ಭಾಗ ಮಾಡಿ. ಚೆಂಡು ಗಾಳಿಯಲ್ಲಿ ಹಾರುವ ದೂರ ಕ್ಯಾರಿ, ನೆಲಕ್ಕೆ ಬಿದ್ದ ಮೇಲೆ ಓಡುವ ದೂರ ರೋಲ್. ಮಾಮೂಲಿ ವೇಗದ ಗ್ರೀನ್ ಮೇಲೆ 4 ಗಜ ಓಡುತ್ತದೆ ಎಂದಾದರೆ ಕ್ಯಾರಿ 14 ಗಜ ಬೇಕು. 70–80ರ ನಡುವಿನದು 75. 14ನ್ನು 0.75ರಿಂದ ಭಾಗಿಸಿದರೆ ಸುಮಾರು 18.7. ಅಂದರೆ ಬಾರ್ ಮೇಲೆ 19ರ ಹತ್ತಿರ ನಿಲ್ಲಿಸಿದರೆ 14 ಗಜ ಹಾರುತ್ತದೆ. ಗ್ರೀನ್ ಬಂಕರ್‌ಗಿಂತ 3 ಅಡಿ ಮೇಲಿದ್ದರೆ ಇನ್ನೊಂದು ಗಜ ಸೇರಿಸಿ, ಯಾಕೆಂದರೆ 45 ಡಿಗ್ರಿಯ ಆಸುಪಾಸಿನಲ್ಲಿ ಇಳಿಯುವ ಚೆಂಡು ನೆಲ ಒಂದು ಗಜ ಎತ್ತರವಾದಷ್ಟೂ ಒಂದು ಗಜ ಮೊದಲೇ ತಾಗುತ್ತದೆ.

ಹಾಗಾದರೆ 18ಕ್ಕೆ ನಿಲ್ಲಿಸುವ ನಿಮಗೂ ಈ 19ಕ್ಕೂ ಅಂಥ ವ್ಯತ್ಯಾಸವೇನಿಲ್ಲವಲ್ಲ ಎನ್ನಿಸಬಹುದು. ಲೈ ಚೆನ್ನಾಗಿದ್ದಾಗ ನಿಜ. ಏಟು ಬೀಳುವುದು ಲೈ ಕೆಟ್ಟಾಗ. ಚೌಕದಲ್ಲಿ 40–60 ಎಂದಿದ್ದರೆ ಅದೇ 14 ಗಜ ಕ್ಯಾರಿಗೆ ಬಾರ್ 28ಕ್ಕೆ ಹೋಗಬೇಕು. ನೀವು 18ಕ್ಕೇ ನಿಲ್ಲಿಸಿದರೆ ಕೆಟ್ಟ ಪಕ್ಷದಲ್ಲಿ 7 ಗಜವಷ್ಟೇ ಹಾರುತ್ತದೆ, ಅಂಚು ಅಲ್ಲೇ ಇದ್ದರೆ ಅದಕ್ಕೇ ಬಡಿಯುತ್ತದೆ.

ಇನ್ನೂ ಮುಖ್ಯವಾದದ್ದು, ಆ ಎರಡು ಅಂಕಿಗಳ ನಡುವಿನ ಅಂತರ. 70–80 ಎಂದಾಗ ಗೇಮ್ ಆ ಎರಡರ ನಡುವೆ ಯಾವುದೋ ಒಂದನ್ನು ತಾನೇ ಆರಿಸುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ. 75ಕ್ಕೆ ಲೆಕ್ಕ ಹಾಕಿ ಹೊಡೆದಾಗ ಚೆಂಡು 13ರಿಂದ 15 ಗಜದೊಳಗೆ ಬೀಳುತ್ತದೆ, ಧೈರ್ಯವಾಗಿ ಪಿನ್‌ಗೆ ಗುರಿ ಇಡಬಹುದು. 40–60 ಇದ್ದಾಗ ಅದೇ ಲೆಕ್ಕದಲ್ಲಿ 11ಕ್ಕೂ ಬೀಳಬಹುದು, 17ಕ್ಕೂ ಬೀಳಬಹುದು. ಎಷ್ಟು ಚೆನ್ನಾಗಿ ಕ್ಲಿಕ್ ಮಾಡಿದರೂ ಆರು ಗಜದ ಈ ಅಂತರ ತಪ್ಪುವುದಿಲ್ಲ. ಆಗ ಪಿನ್ ಮರೆತು, ಗ್ರೀನ್ ಎಲ್ಲಿ ಅಗಲವಾಗಿದೆಯೋ ಅದರ ನಡುವಿಗೆ ಆಡಿ. ಬಂಕರ್‌ನಲ್ಲಿ ಹೊಡೆತ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಕೈ ತಪ್ಪಿ ಕಳೆದುಕೊಳ್ಳುವುದಿಲ್ಲ, ಕೆಟ್ಟ ಲೈನಿಂದ ಪಿನ್‌ಗೆ ಆಸೆಪಟ್ಟು ಕಳೆದುಕೊಳ್ಳುತ್ತಾರೆ.

ಗೇಮ್‌ನಲ್ಲಿ ‘ಸ್ಪ್ಲ್ಯಾಶ್’ ಎಂಬ, ಮರಳಿನ ಜೊತೆಗೇ ಚೆಂಡನ್ನು ಚಿಮ್ಮಿಸುವ ಹೊಡೆತದ ಬಗೆ ಇದ್ದರೆ ಗ್ರೀನ್ ಪಕ್ಕದಲ್ಲಿ ಅದನ್ನೇ ಬಳಸಿ. ಅದರ ಪೂರ್ತಿ ದೂರವೇ ಕಡಿಮೆ ಇರುವುದರಿಂದ ಬಾರ್ ಉದ್ದಕ್ಕೆ ಹಿಗ್ಗಿದಂತಾಗಿ, ಕ್ಲಿಕ್ ಸ್ವಲ್ಪ ಆಚೀಚೆ ಆದರೂ ಅರ್ಧ ಮುಕ್ಕಾಲು ಗಜದ ವ್ಯತ್ಯಾಸದಲ್ಲೇ ಮುಗಿಯುತ್ತದೆ. 80 ಗಜದ ಬಾರ್ ಮೇಲೆ 19ನ್ನು ಹುಡುಕುವುದಕ್ಕಿಂತ 30 ಗಜದ ಬಾರ್ ಮೇಲೆ ಹುಡುಕುವುದು ಎಷ್ಟೋ ವಾಸಿ. ಮೌಸ್ ಎಳೆದು ಹೊಡೆಯುವ ಗೇಮ್‌ಗಳಲ್ಲಿ ಬಾರ್‌ನ ಶೇಕಡಾ 50 ಎಂದರೆ ದೂರದ ಶೇಕಡಾ 50 ಎಂದೇನೂ ಇರಬೇಕಿಲ್ಲ. ಪ್ರಾಕ್ಟೀಸ್ ಮೋಡ್‌ನಲ್ಲಿ ಚೆಂಡನ್ನು ಬಂಕರ್‌ನಲ್ಲೇ ಇಟ್ಟು 50, 60, 70, 80, 90ಕ್ಕೆ ಹತ್ತು ಹತ್ತು ಹೊಡೆದು ಕ್ಯಾರಿ ಮಾತ್ರ ಬರೆದುಕೊಳ್ಳಿ. ರೋಲ್ ಬರೆಯಬೇಡಿ, ಅದು ಗ್ರೀನ್‌ನಿಂದ ಗ್ರೀನ್‌ಗೆ ಬದಲಾಗುತ್ತದೆ. ಆ ಒಂದು ಹಾಳೆ ಕೀಬೋರ್ಡ್ ಪಕ್ಕದಲ್ಲಿದ್ದರೆ ಅರ್ಧ ಆಟ ಗೆದ್ದ ಹಾಗೆ.

ಪ್ರಶ್ನೆ: ಗ್ರೀನ್‌ಗೆ ಇನ್ನೂ 150 ಗಜ ಇರುವಾಗ ಫೇರ್‌ವೇ ಬಂಕರ್‌ಗೆ ಬೀಳುತ್ತೇನೆ. ನನ್ನ 7ನೇ ಐರನ್ ಸರಿಯಾಗಿ 150 ಹೋಗುತ್ತದೆ. ಆದರೂ ಹತ್ತರಲ್ಲಿ ಆರು ಸಲ ಎದುರಿನ ಮಣ್ಣಿನ ಗೋಡೆಗೆ ಹೊಡೆಯುತ್ತದೆ. ಗೋಡೆ ದಾಟುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯಲು ದಾರಿ ಇದೆಯೇ?
— ಶಾಲಾ ಶಿಕ್ಷಕಿ, ಕೋಲಾರ

ಉತ್ತರ: ಇದೆ ಮೇಡಂ, ಅದೂ ಶಾಲೆಯ ಗಣಿತದಲ್ಲೇ. ಫೇರ್‌ವೇ ಬಂಕರ್‌ನಲ್ಲಿ ದೂರ ನೋಡಿ ಕ್ಲಬ್ ಆರಿಸಬಾರದು. ಗೋಡೆ ನೋಡಿ ಆರಿಸಬೇಕು. ಗೋಡೆ ಯಾವ ಕ್ಲಬ್‌ಗೆ ಅನುಮತಿ ಕೊಡುತ್ತದೋ ಅದರಲ್ಲಿ ಎಷ್ಟು ದೂರ ಸಿಕ್ಕರೆ ಅಷ್ಟು.

ಚೆಂಡಿನಿಂದ ಗೋಡೆಯ ಬುಡಕ್ಕೆ ಎಷ್ಟು ಅಡಿ, ಗೋಡೆ ಎಷ್ಟು ಅಡಿ ಎತ್ತರ, ಇವೆರಡು ಬೇಕು. ಗುರಿಯ ಬಿಂದುವನ್ನು ಹತ್ತಿರಕ್ಕೆಳೆದು ಗೋಡೆಯ ಮೇಲಂಚಿನ ಮೇಲೆ ಇಟ್ಟರೆ ಹೆಚ್ಚಿನ ಗೇಮ್‌ಗಳು ದೂರವನ್ನೂ ಎತ್ತರದ ವ್ಯತ್ಯಾಸವನ್ನೂ ತೋರಿಸುತ್ತವೆ. ಗೋಡೆಯ ಎತ್ತರ ದೂರದ ನಾಲ್ಕನೇ ಒಂದು ಭಾಗ ಇದ್ದರೆ ದಾಟಲು ಬೇಕಾದ ಕೋನ 14 ಡಿಗ್ರಿ. ಮೂರನೇ ಒಂದು ಭಾಗವಾದರೆ 18 ಡಿಗ್ರಿ. ಅರ್ಧವಾದರೆ 27 ಡಿಗ್ರಿ. ದೂರ, ಎತ್ತರ ಎರಡೂ ಸಮ ಆದರೆ 45 ಡಿಗ್ರಿ.

ಇನ್ನೊಂದು ಕಡೆ, ಚೆಂಡು ಯಾವ ಕೋನದಲ್ಲಿ ಏಳುತ್ತದೆ? ಕ್ಲಬ್ಬಿನ ಮೇಲೆ ಬರೆದ ಓರೆಯ ಡಿಗ್ರಿಯಲ್ಲಿ ಏಳುವುದಿಲ್ಲ, ಅದಕ್ಕಿಂತ ಬಹಳ ಕೆಳಗೆ ಏಳುತ್ತದೆ. ಅಮೆರಿಕದ ಪಿಜಿಎ ಟೂರ್ ವೃತ್ತಿಪರರ ಹೊಡೆತಗಳನ್ನು ಟ್ರ್ಯಾಕ್‌ಮ್ಯಾನ್ ರೇಡಾರ್‌ನಲ್ಲಿ ಅಳೆದ ಸರಾಸರಿ ಹೀಗಿದೆ: 5ನೇ ಐರನ್ 12 ಡಿಗ್ರಿ, 6ನೆಯದು 14, 7ನೆಯದು 16, 8ನೆಯದು 18, 9ನೆಯದು 20, ಪಿಚಿಂಗ್ ವೆಡ್ಜ್ 24. ಗಂಭೀರವಾಗಿ ಮಾಡಿದ ಗೇಮ್‌ಗಳು ಈ ಅಂಕಿಗಳ ಆಸುಪಾಸಿನಲ್ಲೇ ಇರುತ್ತವೆ.

ನಿಮ್ಮ ಗೋಡೆ 15 ಅಡಿ ಮುಂದಿದ್ದು 4 ಅಡಿ ಎತ್ತರ ಇದೆ ಎನ್ನಿ. ಅದು 15 ಡಿಗ್ರಿ. 7ನೇ ಐರನ್ ಏಳುವುದು 16 ಡಿಗ್ರಿಗೆ. ಒಂದೇ ಡಿಗ್ರಿ ಅಂತರ. ಲೈ ಸ್ವಲ್ಪ ಕೆಟ್ಟಿದ್ದರೂ, ಕ್ಲಿಕ್ ತುಸು ತಡವಾದರೂ ಗೋಡೆಗೇ. ಐದು ಡಿಗ್ರಿಯಾದರೂ ಕೈಯಲ್ಲಿರಬೇಕು ಎಂಬುದು ನಾವು ಹೇಳುವ ಲೆಕ್ಕ. ಹಾಗಾಗಿ ಇಲ್ಲಿ 9ನೇ ಐರನ್. ಅದರ ಪೂರ್ತಿ ದೂರ 130 ಗಜ, ಲೈ 85–95 ಇದ್ದರೆ 117 ಗಜ ಹೋಗುತ್ತದೆ. ಗ್ರೀನ್‌ಗೆ ಇನ್ನು 33 ಗಜ ಉಳಿಯುತ್ತದೆ. ಅಲ್ಲಿಂದ ಪಿಚ್ ಮಾಡಿ, ಅಂದರೆ ಚೆಂಡನ್ನು ಎತ್ತರಿಸಿ ಗ್ರೀನ್‌ಗೆ ಹಾಕಿ, ಒಂದೇ ಪಟ್‌ನಲ್ಲಿ ಮುಗಿಸುವ ಅವಕಾಶ ಇದ್ದೇ ಇರುತ್ತದೆ. ಗೋಡೆಗೆ ಹೊಡೆದರೆ ಅದೇ 150 ಗಜ ಹಾಗೇ ಉಳಿದು ಒಂದು ಹೊಡೆತ ಹೋಗಿರುತ್ತದೆ.

ಗೋಡೆ ಒಂದೂವರೆ ಅಡಿ ಮಾತ್ರ ಇದ್ದರೆ ಮಾತು ಬೇರೆ. ಆರು ಡಿಗ್ರಿಯೂ ಆಗುವುದಿಲ್ಲ. ಆಗ ಒಂದು ಕ್ಲಬ್ ದೊಡ್ಡದು ತಗೊಳ್ಳಿ: 165 ಹೋಗುವ 6ನೇ ಐರನ್ ಶೇಕಡಾ 90ರ ಲೈನಲ್ಲಿ 148 ಹೋಗುತ್ತದೆ, ನಿಮಗೆ ಬೇಕಾದ್ದು ಅಷ್ಟೇ. ಇಲ್ಲಿ ಸ್ಪ್ಲ್ಯಾಶ್ ಬೇಡ, ಮಾಮೂಲಿ ಹೊಡೆತವೇ ಇರಲಿ. ನಿಜವಾದ ಆಟದಲ್ಲೂ ದೂರದ ಬಂಕರ್‌ನಿಂದ ಮೊದಲು ಚೆಂಡು, ಆಮೇಲೆ ಮರಳು ತಾಗುವಂತೆ ಹೊಡೆಯುತ್ತಾರೆ. ಬಾರ್ ಪೂರ್ತಿ ತುಂಬಿಸಿ ಅದಕ್ಕೂ ಆಚೆ ಎಳೆಯಬೇಡಿ. ಮರಳಿನಲ್ಲಿ ಅತಿಬಲಕ್ಕೆ ಗೇಮ್ ದಿಕ್ಕಿನಲ್ಲಿ ದಂಡ ಹಾಕುತ್ತದೆ.

ಪ್ರಶ್ನೆ: ಅಣ್ಣಾ, ನಮ್ಮ ಗೇಮ್‌ನಲ್ಲಿ ಬಂಕರ್‌ಗೆ ಬಿದ್ದಾಗ ಪ್ರಾಕ್ಟೀಸ್ ಸ್ವಿಂಗ್ ಮಾಡೋಕೆ ಬಿಡಲ್ಲ. ಹುಲ್ಲಿನ ಮೇಲೆ ಬಿಡುತ್ತೆ. ಇದು ಗೇಮ್ ಹಾಳಾಗಿರೋದಾ?
— ಒಂಬತ್ತನೇ ತರಗತಿ, ಮಾಲೂರು

ಉತ್ತರ: ಹಾಳಾಗಿಲ್ಲ ತಮ್ಮಾ, ನಿನ್ನ ಗೇಮ್ ನಿಯಮ ಓದಿಕೊಂಡಿದೆ. ಗಾಲ್ಫ್‌ನ 12ನೇ ನಿಯಮದ ಪ್ರಕಾರ ಬಂಕರ್‌ನಲ್ಲಿ ಹೊಡೆಯುವ ಮೊದಲು ಅಭ್ಯಾಸದ ಬೀಸಿನಲ್ಲಿ ಕ್ಲಬ್ ಮರಳಿಗೆ ತಾಗಬಾರದು, ಚೆಂಡಿನ ಹಿಂದೆ ಮುಂದೆ ಮರಳಿನ ಮೇಲೆ ಕ್ಲಬ್ ಊರಬಾರದು. ತಾಗಿಸಿದರೆ ಎರಡು ಹೊಡೆತ ದಂಡ. 2010ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಅಮೆರಿಕದ ಡಸ್ಟಿನ್ ಜಾನ್ಸನ್ ಕೊನೆಯ ಹೋಲ್‌ನಲ್ಲಿ ತಾನು ನಿಂತಿರುವುದು ಬಂಕರ್ ಎಂದು ಗುರುತಿಸದೆ ಕ್ಲಬ್ ಊರಿ ಎರಡು ಹೊಡೆತ ದಂಡ ತೆತ್ತರು, ಪ್ಲೇಆಫ್ (ಸಮಬಲರಾದವರ ನಡುವಿನ ನಿರ್ಣಾಯಕ ಆಟ) ಆಡುವ ಅವಕಾಶವೇ ಹೋಯಿತು. ಮರಳನ್ನು ಮುಟ್ಟದೆ ಗಾಳಿಯಲ್ಲಿ ಬೀಸಿ ನೋಡಲು ಅಡ್ಡಿಯಿಲ್ಲ, ಕೆಲವು ಗೇಮ್‌ಗಳು ಅದಕ್ಕೂ ಬಿಡುವುದಿಲ್ಲ. 2019ರಿಂದ ಬಂಕರ್‌ನಲ್ಲಿರುವ ಒಣ ಎಲೆ, ಕಲ್ಲು ತೆಗೆಯಬಹುದು. ತೆಗೆಯುವಾಗ ಚೆಂಡು ಅಲುಗಬಾರದು, ಅಷ್ಟೆ.

ಪ್ರಶ್ನೆ: ಚೆಂಡು ಮರಳಿನಲ್ಲಿ ಅರ್ಧ ಹೂತುಹೋಗುತ್ತದೆ. ಲೈ 30–40 ತೋರಿಸುತ್ತದೆ. ಇಂಥ ಕಡೆ ಏನು ಮಾಡುವುದು?
— ಟೊಮೆಟೊ ಬೆಳೆಗಾರ, ಚಿಂತಾಮಣಿ

ಉತ್ತರ: ಎತ್ತರದಿಂದ ನೇರವಾಗಿ ಇಳಿದ ಚೆಂಡು ಮೆದು ಮರಳಿನಲ್ಲಿ ಹೀಗೆ ಕೂರುತ್ತದೆ. ಸುತ್ತ ಮರಳಿನ ಉಂಗುರ ಎದ್ದಿರುತ್ತದೆ. ಇಲ್ಲಿ ಸ್ಯಾಂಡ್ ವೆಡ್ಜ್‌ನ ಉಬ್ಬಿದ ತಳ ಸಹಾಯಕ್ಕಿಂತ ತೊಂದರೆಯೇ ಜಾಸ್ತಿ. ಜಾರುವುದಲ್ಲ, ಅಗೆಯುವುದು ಬೇಕು. ಅದಕ್ಕೇ ನಿಜವಾದ ಆಟಗಾರರು ಕ್ಲಬ್ಬಿನ ಮುಖವನ್ನು ಒಳಕ್ಕೆ ತಿರುಗಿಸಿ ಚೂಪಾದ ಅಂಚು ಮರಳಿಗೆ ಇಳಿಯುವಂತೆ ಹೊಡೆಯುತ್ತಾರೆ, ಅಥವಾ ಪಿಚಿಂಗ್ ವೆಡ್ಜ್ ಹಿಡಿಯುತ್ತಾರೆ. ಗೇಮ್‌ನಲ್ಲಿ ಲಾಫ್ಟ್ ಏರಿಳಿಸುವ ಬಟನ್ ಇದ್ದರೆ ಒಂದೆರಡು ಮೆಟ್ಟಿಲು ಇಳಿಸಿ. ಅಂಚು ಎತ್ತರ ಇದ್ದರೆ ಮಾತ್ರ ಇಳಿಸಬೇಡಿ.

80 ಗಜದ ಸ್ಯಾಂಡ್ ವೆಡ್ಜ್ ಪೂರ್ತಿ ಬೀಸಿದರೂ ಇಲ್ಲಿಂದ 24ರಿಂದ 32 ಗಜ. ಚೆಂಡು ತಗ್ಗಾಗಿ, ಸ್ಪಿನ್ ಇಲ್ಲದೆ ಬರುತ್ತದೆ. ಬಿದ್ದ ಮೇಲೆ ಮಾಮೂಲಿಗಿಂತ ಎರಡರಷ್ಟು ಓಡುತ್ತದೆ ಎಂದುಕೊಂಡೇ ಜಾಗ ಬಿಡಿ. ಪಿನ್ ಹತ್ತಿರ ಇದ್ದು ಗ್ರೀನ್ ಆಚೆಗೆ ಇಳಿಜಾರಿದ್ದರೆ ಪಕ್ಕಕ್ಕೆ ಆಡುವುದೇ ಸರಿ.

ಎದುರಿನ ಅಂಚು ಮೂಗಿಗೆ ತಾಗುವಷ್ಟು ಹತ್ತಿರ ಇದ್ದು, ಪಕ್ಕಕ್ಕೂ ದಾರಿ ಇಲ್ಲದಿದ್ದರೆ ‘ಅನ್‌ಪ್ಲೇಯಬಲ್’ (ಆಡಲಾಗದ ಚೆಂಡು) ಎಂದು ಘೋಷಿಸಿ. ಒಂದು ಹೊಡೆತ ದಂಡಕ್ಕೆ ಹಿಂದೆ ಹೊಡೆದ ಜಾಗಕ್ಕೇ ಮರಳಬಹುದು, ಅಥವಾ ಬಂಕರ್ ಒಳಗೇ ಎರಡು ಕ್ಲಬ್ ಉದ್ದದೊಳಗೆ, ಇಲ್ಲವೇ ಪಿನ್‌ನ ನೇರದಲ್ಲಿ ಹಿಂದಕ್ಕೆ ಹೋಗಿ ಬಂಕರ್ ಒಳಗೇ ಡ್ರಾಪ್ ಮಾಡಬಹುದು, ಅಂದರೆ ಚೆಂಡನ್ನು ಕೈಯಿಂದ ಬಿಡಬಹುದು. 2019ರ ನಿಯಮಗಳಲ್ಲಿ ನಾಲ್ಕನೆಯ ದಾರಿ ಸೇರಿತು: ಎರಡು ಹೊಡೆತ ದಂಡ ತೆತ್ತು ಅದೇ ನೇರದಲ್ಲಿ ಬಂಕರ್ ಹೊರಗೇ ಡ್ರಾಪ್. ಸರಳವಾದ ಗೇಮ್‌ಗಳಲ್ಲಿ ಇದರಲ್ಲಿ ಒಂದೋ ಎರಡೋ ಮಾತ್ರ ಇರುತ್ತವೆ. ಹೂತ ಚೆಂಡಿಗೆ ಬಂಕರ್ ಒಳಗಿನ ಡ್ರಾಪ್ ಒಳ್ಳೆಯ ವ್ಯಾಪಾರ. 30–40ರ ಲೈ ಹೋಗಿ ಚೊಕ್ಕ ಲೈ ಸಿಗುವ ಸಾಧ್ಯತೆ ಹೆಚ್ಚು, ಅಂಚಿನಿಂದಲೂ ದೂರ ಸಿಗುತ್ತದೆ. ಎರಡು ಸಲ ಹೊಡೆದು ಬರದಿದ್ದ ಮೇಲೆ ಈ ಯೋಚನೆ ಮಾಡಿದರೆ ಉಪಯೋಗವಿಲ್ಲ, ಮೊದಲೇ ಮಾಡಬೇಕು.

ಪ್ರಶ್ನೆ: ಬಂಕರ್‌ನಿಂದ ಫ್ಲಾಪ್ ಶಾಟ್ ಆಡಿ ಚೆಂಡನ್ನು ಪಿನ್ ಹತ್ತಿರ ಟಕ್ಕಂತ ನಿಲ್ಲಿಸಬೇಕು ಅಂತ ಆಸೆ. ಬ್ಯಾಕ್‌ಸ್ಪಿನ್ ಪೂರ್ತಿ ಕೊಟ್ಟರೂ ನಿಲ್ಲಲ್ಲ.
— ಮೊಬೈಲ್ ಅಂಗಡಿ, ಗೌರಿಬಿದನೂರು

ಉತ್ತರ: ಸ್ಪಿನ್ ಹುಟ್ಟುವುದು ಕ್ಲಬ್ಬಿನ ಮುಖ ಚೆಂಡಿನ ಮೈಯನ್ನು ಹಿಡಿದಾಗ. ನಡುವೆ ಮರಳು ಬಂದರೆ ಹಿಡಿತ ಕಡಿಮೆ. ಹಾಗಾಗಿ ಹೆಚ್ಚಿನ ಗೇಮ್‌ಗಳು ಲೈ ಇಳಿದಂತೆ ಸ್ಪಿನ್ನನ್ನೂ ಇಳಿಸುತ್ತವೆ. ನೀವು ಪೂರ್ತಿ ಕೊಟ್ಟಿದ್ದರಲ್ಲಿ ಚೆಂಡಿಗೆ ಸಿಕ್ಕಿದ್ದು ಒಂದು ಪಾಲು ಮಾತ್ರ. ಬಂಕರ್‌ನಿಂದ ಚೆಂಡು ನಿಲ್ಲಿಸುವುದು ಸ್ಪಿನ್‌ಗಿಂತ ಹೆಚ್ಚಾಗಿ ಇಳಿಯುವ ಕೋನ. 56ರ ಬದಲು 60 ಡಿಗ್ರಿಯ ಲಾಬ್ ವೆಡ್ಜ್ ಹಿಡಿದರೆ ಚೆಂಡು ಹೆಚ್ಚು ಕಡಿದಾಗಿ ಇಳಿದು ಕಡಿಮೆ ಓಡುತ್ತದೆ. ಆದರೆ ಅದಕ್ಕೆ ಬಾರ್ ಇನ್ನೂ ಮೇಲೆ ಹೋಗಬೇಕು, ನಿಮ್ಮ ಹಾಳೆಯಲ್ಲಿ ಅದಕ್ಕೆ ಬೇರೆಯೇ ಸಾಲು ಬೇಕು.

ಫ್ಲಾಪ್, ಅಂದರೆ ಚೆಂಡನ್ನು ಬಹಳ ಎತ್ತರಕ್ಕೆ ಎತ್ತಿ ಹತ್ತಿರ ಬೀಳಿಸುವ ಹೊಡೆತ, ಬೇರೆ ವಿಷಯ. ಅದರಲ್ಲಿ ದೊಡ್ಡ ಬೀಸಿಗೆ ಚಿಕ್ಕ ಕ್ಯಾರಿ. ಅದರ ಮೇಲೆ ಮರಳಿನ ಕಡಿತ ಬೇರೆ. ಎರಡು ಅನಿಶ್ಚಿತಗಳು ಒಂದರ ಮೇಲೊಂದು ಕೂತು, 12 ಗಜಕ್ಕೆ ಹೊಡೆದದ್ದು 6ಕ್ಕೂ ನಿಲ್ಲಬಹುದು. ಅಂಚು ಎದೆಮಟ್ಟ ಇದ್ದು, ಲೈ 80ಕ್ಕಿಂತ ಮೇಲಿದ್ದು, ಸ್ಪ್ಲ್ಯಾಶ್‌ನಿಂದ ದಾಟುವುದೇ ಇಲ್ಲ ಎಂದಾಗ ಮಾತ್ರ ಫ್ಲಾಪ್ ಯೋಚಿಸಿ.

ಇದಕ್ಕೆ ತದ್ವಿರುದ್ಧವಾದ ಉಪಾಯ ಒಂದಿದೆ, ಯಾರೂ ಬಳಸುವುದಿಲ್ಲ. ಬಂಕರ್‌ಗೆ ಎದುರು ಅಂಚೇ ಇಲ್ಲದೆ ಗ್ರೀನ್‌ಗೆ ಸಮತಟ್ಟಾಗಿ ಸೇರಿಕೊಂಡಿದ್ದರೆ, ಚೆಂಡು ಮರಳಿನ ಮೇಲೆ ಕೂತಿದ್ದರೆ, ಪಟರ್ ತಗೊಳ್ಳಿ. ನಿಯಮ ಅಡ್ಡ ಬರುವುದಿಲ್ಲ, ಗೇಮ್ ಕೂಡ ಬಿಡುತ್ತದೆ. ಮರಳು ದಾಟುವಷ್ಟಕ್ಕೆ ಬಲ ಸೇರಿಸಿ ತಳ್ಳಿದರೆ ಸಾಕು. ನೋಡಲು ಸೊಗಸಿಲ್ಲ, ಸ್ಕೋರ್ ಕಾರ್ಡ್‌ಗೆ ಅದು ಗೊತ್ತಾಗುವುದಿಲ್ಲ.

ಪ್ರಶ್ನೆ: ಬೆಳಗ್ಗೆ ಆಡಿದರೆ ಬಂಕರ್ ಹೊಡೆತ ಸರಿಯಾಗಿ ಬೀಳುತ್ತೆ. ಸಂಜೆ ಅದೇ ಬಂಕರ್, ಅದೇ ಲೈ, ಅದೇ ಕ್ಲಿಕ್, ಎರಡು ಮೂರು ಗಜ ವ್ಯತ್ಯಾಸ. ಲ್ಯಾಪ್‌ಟಾಪ್ ನಾಲ್ಕು ವರ್ಷ ಹಳೆಯದು. ಸಂಜೆ ಕರೆಂಟ್ ಹೋಗಿ ಬಂದು ಮಾಡುತ್ತೆ.
— ರೇಷ್ಮೆ ನೂಲು ಘಟಕ, ಶಿಡ್ಲಘಟ್ಟ

ಉತ್ತರ: ಉತ್ತರ ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಇದೆ. ಕರೆಂಟ್ ಹೋದೊಡನೆ ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿದು, ಬ್ಯಾಟರಿ ಉಳಿಸಲು ಗ್ರಾಫಿಕ್ಸ್ ಚಿಪ್‌ನ ವೇಗ ತಗ್ಗಿಸುತ್ತದೆ. ಸೆಕೆಂಡಿಗೆ 60 ಚಿತ್ರ ಬರುತ್ತಿದ್ದುದು 30ಕ್ಕೆ ಬೀಳುತ್ತದೆ. ಪವರ್ ಬಾರ್ ಸೊನ್ನೆಯಿಂದ 100ಕ್ಕೆ ಒಂದು ಸೆಕೆಂಡಿನಲ್ಲಿ ಓಡುತ್ತದೆ ಎಂದಾದರೆ, 60 ಚಿತ್ರಗಳಲ್ಲಿ ಒಂದೊಂದು ಚಿತ್ರಕ್ಕೆ ಬಾರ್ ಶೇಕಡಾ 1.7 ಜಿಗಿಯುತ್ತದೆ, 30ರಲ್ಲಿ ಶೇಕಡಾ 3.3 ಜಿಗಿಯುತ್ತದೆ. ಮರಳಿನಿಂದ ಪೂರ್ತಿ 60 ಗಜ ಹೋಗುವ ಕ್ಲಬ್‌ಗೆ ಶೇಕಡಾ 3.3 ಎಂದರೆ 2 ಗಜ. ನಿಮ್ಮ ಬೆರಳು ಸರಿಯಾದ ಹೊತ್ತಿಗೇ ಒತ್ತಿದೆ, ಸ್ಕ್ರೀನ್ ತೋರಿಸಿದ್ದು ಹಳೆಯ ಚಿತ್ರ.

ಆಡುವಾಗ ಚಾರ್ಜರ್ ಹಾಕಿಯೇ ಇರಲಿ. ಯುಪಿಎಸ್ ಇದ್ದರೆ ಚಾರ್ಜರನ್ನು ಅದಕ್ಕೆ ಕೊಡಿ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಬ್ಯಾಟರಿಗೂ ‘ಬೆಸ್ಟ್ ಪರ್ಫಾರ್ಮೆನ್ಸ್’ ಆರಿಸಿ. ಅದರಿಂದಲೂ ಪೂರ್ತಿ ಸರಿಹೋಗದಿದ್ದರೆ ಗೇಮ್ ಒಳಗೆ ಚಿತ್ರದ ಗಾತ್ರವನ್ನು 1280×720ಕ್ಕೆ ಇಳಿಸಿ, ನೆರಳು ಮತ್ತು ಹುಲ್ಲಿನ ವಿವರ ಕಡಿಮೆ ಮಾಡಿ. ಮುಖ್ಯವಾಗಿ, ಚಿತ್ರಗಳ ಸಂಖ್ಯೆಗೆ ಒಂದು ಮಿತಿ ಹಾಕಿ. ಒಮ್ಮೆ 60, ಒಮ್ಮೆ 35 ಆಗುವುದಕ್ಕಿಂತ ಸದಾ 40 ಇರುವುದು ಮೇಲು, ಬೆರಳು ಒಂದು ಲಯಕ್ಕೆ ಒಗ್ಗುತ್ತದೆ. ಗೇಮ್‌ನ ಚಿತ್ರಗಳನ್ನು ಸ್ಕ್ರೀನಿನ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಆನ್ ಇದ್ದರೆ ಕ್ಲಿಕ್ ಇನ್ನಷ್ಟು ತಡವಾಗಿ ದಾಖಲಾಗುತ್ತದೆ, ಆಫ್ ಮಾಡಿ ನೋಡಿ. ಟಿವಿಗೆ ಜೋಡಿಸಿ ಆಡುವವರು ಟಿವಿಯ ‘ಗೇಮ್ ಮೋಡ್’ ಹಾಕಲೇಬೇಕು, ಇಲ್ಲದಿದ್ದರೆ ಟಿವಿ ಚಿತ್ರವನ್ನು ಚೆಂದ ಮಾಡುತ್ತಾ ಕೂತು ತಡ ಮಾಡುತ್ತದೆ. ಟಚ್‌ಪ್ಯಾಡ್ ಮೇಲೆ ತಟ್ಟಿ ಕ್ಲಿಕ್ ಮಾಡುವುದು ಬೇಡವೇ ಬೇಡ. ತಟ್ಟಿದ್ದು ಒಂದೋ ಎರಡೋ ಎಂದು ಅದು ಒಂದು ಕ್ಷಣ ಕಾಯುತ್ತದೆ. ವೈರ್ ಇರುವ ಮೌಸ್, ಇಲ್ಲವೇ ಸ್ಪೇಸ್ ಬಾರ್ ಬಳಸಿ. ಇಷ್ಟು ಬದಲಾಯಿಸಿದ ಮೇಲೆ ಹಳೆಯ ಕ್ಯಾರಿ ಹಾಳೆ ನಡೆಯುವುದಿಲ್ಲ, ಹೊಸದಾಗಿ ಬರೆಯಬೇಕು.

ಪ್ರಶ್ನೆ: ಬಂಕರ್ ಒಳಗೆ ಇಳಿಜಾರಿನಲ್ಲಿ ಚೆಂಡು ನಿಂತರೆ ಲೆಕ್ಕ ಹೇಗೆ ಬದಲಾಗುತ್ತದೆ?
— ಮುಳಬಾಗಿಲಿನ ಓದುಗ

ಉತ್ತರ: ಇಳಿಜಾರಿನ ಡಿಗ್ರಿಯನ್ನು ಕ್ಲಬ್ಬಿನ ಓರೆಗೆ ಕೂಡಿಸಿ ಅಥವಾ ಕಳೆಯಿರಿ. ಪಿನ್ ಕಡೆಗೆ 10 ಡಿಗ್ರಿ ಏರು ಇದ್ದರೆ 56ರ ಕ್ಲಬ್ 66ರಂತೆ ವರ್ತಿಸುತ್ತದೆ: ಎತ್ತರ ಹೋಗಿ ಹತ್ತಿರ ಬೀಳುತ್ತದೆ, ಬಲ ಹೆಚ್ಚಿಸಿ. 10 ಡಿಗ್ರಿ ಇಳಿ ಇದ್ದರೆ 46ರಂತೆ: ತಗ್ಗಾಗಿ ಹೋಗಿ ಬಹಳ ಓಡುತ್ತದೆ. ಇಳಿಯಲ್ಲಿ ಅಂಚಿನ ಲೆಕ್ಕ ಮತ್ತೆ ಹಾಕಬೇಕು, ಬಂಕರ್‌ನ ಹಿಂಬದಿಯಲ್ಲಿ ನಿಂತ ಚೆಂಡುಗಳು ಅಂಚಿಗೆ ಬಡಿಯುವುದು ಇದಕ್ಕೇ. ಬಲಗೈ ಆಟಗಾರನ ಚೆಂಡು ಕಾಲಿಗಿಂತ ಮೇಲಿದ್ದರೆ ಎಡಕ್ಕೆ, ಕೆಳಗಿದ್ದರೆ ಬಲಕ್ಕೆ ಹೋಗುತ್ತದೆ. ಓರೆ ಹೆಚ್ಚಿರುವ ವೆಡ್ಜ್‌ಗಳಲ್ಲಿ ಈ ವಾಲುವಿಕೆ ಇನ್ನೂ ಜಾಸ್ತಿ, ಗುರಿಯನ್ನು ಅಷ್ಟೇ ವಿರುದ್ಧ ದಿಕ್ಕಿಗೆ ಸರಿಸಿ.

ಪ್ರಶ್ನೆ: ಸೇಂಟ್ ಆ್ಯಂಡ್ರೂಸ್ ಮೈದಾನದ 17ನೇ ಹೋಲ್‌ನ ಬಂಕರ್‌ನಲ್ಲಿ ಒಂದು ಸಲ ಏಳು ಹೊಡೆತ ಹೋಯಿತು. ಸ್ನೇಹಿತರ ಟೂರ್ನಿಯಲ್ಲಿ ಅಲ್ಲೇ ಸೋಲುತ್ತಿದ್ದೇನೆ.
— ಕೊಬ್ಬರಿ ವ್ಯಾಪಾರಿ, ತಿಪಟೂರು

ಉತ್ತರ: ಅದು ಸ್ಕಾಟ್ಲೆಂಡಿನ ಆ ಮೈದಾನದ ಹೆಸರಾಂತ ರೋಡ್ ಬಂಕರ್. 1978ರ ಬ್ರಿಟಿಷ್ ಓಪನ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಗ್ರೀನ್ ಮೇಲಿಂದ ಪಟ್ ಮಾಡಿದ ಚೆಂಡು ಉರುಳಿ ಅದರೊಳಗೆ ಬಿತ್ತು. ಹೊರಬರಲು ನಾಲ್ಕು ಹೊಡೆತ, ಆ ಹೋಲ್‌ಗೆ ಒಟ್ಟು 9. 2000ದ ಓಪನ್‌ನ ಕೊನೆಯ ದಿನ ಡೇವಿಡ್ ಡುವಾಲ್ ಅವರೂ ಅಲ್ಲಿಂದ ಬರಲು ನಾಲ್ಕು ಹೊಡೆತ ತಗೊಂಡು 8 ಬರೆಸಿಕೊಂಡರು. ಗುಂಡಿ ಚಿಕ್ಕದು, ಆದರೆ ಎದುರು ಗೋಡೆ ಹುಲ್ಲುಹೆಪ್ಪೆಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ್ದು, ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ಸುತ್ತಲಿನ ನೆಲ ಒಳಕ್ಕೇ ಇಳಿಯುವುದರಿಂದ ಹತ್ತಿರ ಬಂದ ಚೆಂಡೂ ಒಳಗೆ ಉರುಳುತ್ತದೆ.

ಕೋಲಾರದ ಶಿಕ್ಷಕಿಗೆ ಹೇಳಿದ ಲೆಕ್ಕ ಇಲ್ಲಿಗೂ ಅದೇ. ಚೆಂಡು ಗೋಡೆಗೆ 5 ಅಡಿಯಲ್ಲಿದ್ದು ಗೋಡೆ 5 ಅಡಿ ಇದ್ದರೆ 45 ಡಿಗ್ರಿಗಿಂತ ಮೇಲೆ ಏಳಲೇಬೇಕು. 60 ಡಿಗ್ರಿಯ ವೆಡ್ಜ್‌ನಲ್ಲಿ, ಲಾಫ್ಟ್ ಪೂರ್ತಿ ಏರಿಸಿ, ಸ್ಪ್ಲ್ಯಾಶ್ ಆಡಿದರೆ ಅಂಚು ಸವರಿಕೊಂಡು ಹೋದೀತು, ಹೋಗದೆಯೂ ಇದ್ದೀತು. ಚೆಂಡು ಅದಕ್ಕಿಂತ ಹತ್ತಿರ ಇದ್ದರೆ ಪ್ರಯತ್ನವೇ ಬೇಡ. ಕ್ಯಾಮೆರಾವನ್ನು ಸುತ್ತ ತಿರುಗಿಸಿ ಗೋಡೆ ಎಲ್ಲಿ ತಗ್ಗಿದೆಯೋ ಆ ಕಡೆ, ಬೇಕಾದರೆ ಬಂದ ದಾರಿಯಲ್ಲೇ ಹಿಂದಕ್ಕೆ, 8–10 ಗಜ ಆಡಿ. ಏಳು ಹೊಡೆತದ ಬದಲು ಒಂದು ಹೋಗುತ್ತದೆ.

ಅದಕ್ಕಿಂತ ಒಳ್ಳೆಯದು ಅದರೊಳಗೆ ಬೀಳದಿರುವುದು. ಬಂಕರ್ ಗ್ರೀನ್‌ನ ಮುಂದೆ ಎಡಕ್ಕಿದೆ, ಗ್ರೀನ್‌ನ ಹಿಂದೆ ರಸ್ತೆ ಮತ್ತು ಕಲ್ಲಿನ ಗೋಡೆ. ಎರಡನೇ ಹೊಡೆತದಲ್ಲಿ ಪಿನ್ ಎಡಕ್ಕಿದ್ದರೂ ಗುರಿ ಗ್ರೀನ್‌ನ ಮುಂದಿನ ಬಲ ಮೂಲೆಗೇ ಇರಲಿ, ಚೆಂಡು ಗ್ರೀನ್‌ಗಿಂತ ಸ್ವಲ್ಪ ಮೊದಲೇ ಬೀಳಲಿ. ಎಡದಿಂದ ಬಲಕ್ಕೆ ಗಾಳಿ ಇದ್ದರೆ ಅದನ್ನು ಲೆಕ್ಕಕ್ಕೆ ಸೇರಿಸಿ, ಬಲದಿಂದ ಎಡಕ್ಕೆ ಬೀಸುತ್ತಿದ್ದರೆ ಗುರಿಯನ್ನು ಇನ್ನೂ 10 ಗಜ ಬಲಕ್ಕೆ ಒಯ್ಯಿರಿ. ಅಲ್ಲಿಂದ ಉದ್ದದ ಪಟ್ ಹೊಡೆಯುವಾಗ ಬಂಕರ್ ಕಡೆಯ ಇಳಿಜಾರನ್ನು ಗ್ರಿಡ್‌ನಲ್ಲಿ (ಗ್ರೀನ್ ಮೇಲೆ ಗೇಮ್ ತೋರಿಸುವ ಗೆರೆಗಳಲ್ಲಿ) ನೋಡಿಕೊಂಡು, ಚೆಂಡು ಪಿನ್‌ನ ಬಲಕ್ಕೇ ಉಳಿಯುವಂತೆ ಆಡಿ.